ಶಿಕಾರಿಪುರ–ಸೊರಬದ ಮೊಬೈಲುಗಳಲ್ಲಿ ಇರಲೇಬೇಕಾದ ಆ್ಯಪ್‌ಗಳು: ಯಾವುದು ಯಾತಕ್ಕೆ, ಎಲ್ಲಿ ಎಚ್ಚರ?

ನನ್ನೂರು ಶಿಕಾರಿಪುರ ತಾಲೂಕಿನಲ್ಲಿದೆ, ಅಮ್ಮನ ತವರು ಸೊರಬದ ಕಡೆ. ಎರಡೂ ಕಡೆ ಓಡಾಡುವ ನನಗೆ ಕಳೆದ ಐದಾರು ವರ್ಷಗಳಲ್ಲಿ ಕೇಳದೇ ಒಂದು ಕೆಲಸ ಅಂಟಿಕೊಂಡಿದೆ. ಅದು ಮೊಬೈಲ್ ನೋಡಿಕೊಡುವ ಕೆಲಸ. "ತಮ್ಮಾ, ಗೃಹಲಕ್ಷ್ಮಿ ದುಡ್ಡು ಬಂತಾ ನೋಡು", "ಪಹಣಿಯಲ್ಲಿ ಅಪ್ಪನ ಹೆಸರೇ ಐತಾ ನೋಡು", "ಈ ಮೆಸೇಜು ನಿಜಾನಾ ಸುಳ್ಳಾ ಹೇಳು" ಅಂತ ಬೆಳಿಗ್ಗೆ ಚಹಾದ ಹೊತ್ತಿಗೇ ಯಾರಾದರೂ ಕಟ್ಟೆ ಮೇಲೆ ಕೂತಿರುತ್ತಾರೆ.

ಯೂಟ್ಯೂಬಿನಲ್ಲಿ "ನಿಮ್ಮ ಫೋನಿನಲ್ಲಿ ಇರಲೇಬೇಕಾದ ಹತ್ತು ಆ್ಯಪ್" ಅಂತ ಸಾವಿರ ವಿಡಿಯೋ ಸಿಗುತ್ತವೆ. ಅವುಗಳಲ್ಲಿ ಫೋಟೋ ಎಡಿಟ್ ಮಾಡುವ, ನಿದ್ದೆ ಅಳೆಯುವ, ಹೆಜ್ಜೆ ಎಣಿಸುವ ಆ್ಯಪ್‌ಗಳಿರುತ್ತವೆ. ನಮ್ಮ ಕಡೆ ಜನ ಫೋನು ಹಿಡಿದು ಬರುವುದು ಜಮೀನು, ಬೆಳೆ, ದುಡ್ಡು, ಓಟು, ಮಳೆಯ ಸಲುವಾಗಿ. ಹಾಗಾಗಿ ನಾನು ದಿನಾ ಬಳಸುವ, ಬೇರೆಯವರಿಗೆ ಹಾಕಿಕೊಡುವ ಆ್ಯಪ್‌ಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಪ್ರತಿಯೊಂದೂ ಏನು ಮಾಡುತ್ತೆ, ಏನು ಮಾಡಲ್ಲ, ಎಲ್ಲಿ ಕೈ ಸುಡುತ್ತೆ ಅಂತ ಬರೆದಿದ್ದೇನೆ. ಊರಿನಲ್ಲಿ ಈ ಕೆಲಸ ಮಾಡುವ ನಿಮ್ಮಂಥವರಿಗೆ ಉಪಯೋಗಕ್ಕೆ ಬರಬಹುದು.

1. ದಿಶಾಂಕ್: ಕಾಲ ಕೆಳಗಿನ ಸರ್ವೆ ನಂಬರ್

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಆ್ಯಪ್ ಇದು. ಹೊಲದಲ್ಲಿ ನಿಂತು ತೆರೆದರೆ ಜಿಪಿಎಸ್ ಮೂಲಕ ನೀವು ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತೆ. ಅಲ್ಲಿಂದ ಹಿಸ್ಸಾ ಆಯ್ಕೆ ಮಾಡಿ ಮಾಲೀಕರ ವಿವರವನ್ನೂ ನೋಡಬಹುದು. ಕೆರೆ, ಹಳ್ಳ, ದಾರಿ ಎಲ್ಲಿ ಹಾದು ಹೋಗುತ್ತೆ ಅಂತ ತಿಳಿಯಲು ಇದರಷ್ಟು ಸಲೀಸಾದದ್ದು ಬೇರೆ ಇಲ್ಲ. ಊರ ಕೆರೆ ಒತ್ತುವರಿ ಬಗ್ಗೆ ಅರ್ಜಿ ಬರೆಯುವ ಹುಡುಗರು ಮೊದಲು ಇದನ್ನು ತೆರೆದು ಸರ್ವೆ ನಂಬರ್ ಬರೆದುಕೊಳ್ಳಿ. "ನಮ್ಮೂರ ಕೆರೆ" ಅಂತ ಬರೆದ ಅರ್ಜಿಗಿಂತ ಸರ್ವೆ ನಂಬರ್ ಇರುವ ಅರ್ಜಿಗೆ ತೂಕ ಜಾಸ್ತಿ.

ಎಚ್ಚರ: ದಿಶಾಂಕ್ ತೋರಿಸುವ ಗೆರೆ ನಿಮ್ಮ ಬದು ಅಲ್ಲ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಕೆಲವು ಮೀಟರ್ ಆಚೀಚೆ ಆಗುತ್ತೆ, ಅದರ ಮೇಲೆ ಫೋನಿನ ಜಿಪಿಎಸ್ ತಪ್ಪು ಬೇರೆ. ಅಡಿಕೆ ತೋಟದ ಬೇಲಿ ವಿಚಾರಕ್ಕೆ ಆ್ಯಪ್ ತೋರಿಸಿ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಗಡಿ ಗುರುತಿಸಲು ಹದ್ದುಬಸ್ತು ಅರ್ಜಿ ಹಾಕಿ ಸರ್ವೆಯರ್ ಬಂದು ಅಳೆಯಲೇಬೇಕು.

2. ಭೂಮಿ: ಪಹಣಿ ಓದೋದು ಕಲಿಯಿರಿ

2000ದ ಹೊತ್ತಿಗೆ ಕರ್ನಾಟಕ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಯೋಜನೆ ಭೂಮಿ. ಇವತ್ತು ಪಹಣಿ, ಮ್ಯುಟೇಶನ್ ಸ್ಥಿತಿ ಎಲ್ಲವನ್ನೂ ಫೋನಿನ ಬ್ರೌಸರಿನಲ್ಲೇ ನೋಡಬಹುದು. ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ. ಪ್ಲೇಸ್ಟೋರಿನಲ್ಲಿ ಪಹಣಿ ಹೆಸರಿನ ಖಾಸಗಿ ಆ್ಯಪ್‌ಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹಳಷ್ಟು ಅದೇ ವೆಬ್‌ಸೈಟಿಗೆ ಜಾಹೀರಾತು ಅಂಟಿಸಿದವು.

ಪಹಣಿ ತೆಗೆಯೋದು ದೊಡ್ಡದಲ್ಲ, ಓದೋದು ದೊಡ್ಡದು. ಕಾಲಂ 9ರಲ್ಲಿ ಮಾಲೀಕರ ಹೆಸರು ಮತ್ತು ವಿಸ್ತೀರ್ಣ. ಕಾಲಂ 10ರಲ್ಲಿ ಆ ಹಕ್ಕು ಹೇಗೆ ಬಂತು ಅನ್ನೋದು: ಪಿತ್ರಾರ್ಜಿತವೋ, ಖರೀದಿಯೋ, ಮಂಜೂರಾತಿಯೋ. ಕಾಲಂ 11ರಲ್ಲಿ ಸಾಲ, ಕೋರ್ಟು ತಡೆ, ಇತರ ಹಕ್ಕುಗಳು. ಕಾಲಂ 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ವರ್ಷಕ್ಕೆ ಎರಡು ಸಲ ಮನೆಯ ಪಹಣಿ ತೆಗೆದು 11 ಮತ್ತು 12ನ್ನು ನೋಡಿ. ತೀರಿಸಿದ ಸಾಲ 11ರಲ್ಲಿ ಹಾಗೇ ಕೂತಿರುವುದು ಮಾಮೂಲು. ಮುಂದಿನ ಸಾಲಕ್ಕೆ ಹೋದಾಗಲೇ ಅದು ಗೊತ್ತಾಗುತ್ತೆ.

3. ಬೆಳೆ ಸಮೀಕ್ಷೆ ಮತ್ತು ಬೆಳೆ ದರ್ಶಕ್: ಮನೆಯಲ್ಲಿ ಪೆಟ್ಟು ತಿಂದ ಕಥೆ

ಪ್ರತಿ ಹಂಗಾಮಿಗೆ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಅಂತ ಫೋಟೋ ಸಮೇತ ದಾಖಲಿಸುವ ಆ್ಯಪ್ ಬೆಳೆ ಸಮೀಕ್ಷೆ. 2020ರ ಮುಂಗಾರಿನಿಂದ ರೈತರೇ ಇದನ್ನು ಮಾಡಬಹುದು. ರೈತರು ಮಾಡದಿದ್ದರೆ ಊರಿನ 'ಖಾಸಗಿ ನಿವಾಸಿ' ಒಬ್ಬರು ಬಂದು ಮಾಡುತ್ತಾರೆ. ಹೀಗೆ ದಾಖಲಾದ ಬೆಳೆಯೇ ಪಹಣಿಗೆ ಹೋಗುತ್ತೆ. ಬೆಳೆವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ ಮೂರಕ್ಕೂ ಇದೇ ಆಧಾರ.

ನಮ್ಮ ಚಿಕ್ಕಪ್ಪ ಒಂದು ವರ್ಷ ಮೆಕ್ಕೆಜೋಳ ಹಾಕಿ ವಿಮೆ ಕಟ್ಟಿದ್ದರು. ಮಳೆ ಕೈಕೊಟ್ಟು ಬೆಳೆ ಹೋಯ್ತು. ಅಕ್ಕಪಕ್ಕದವರಿಗೆ ದುಡ್ಡು ಬಂತು, ಚಿಕ್ಕಪ್ಪನಿಗೆ ಬರಲಿಲ್ಲ. ವಿಚಾರಿಸಿದರೆ ವಿಮೆಯಲ್ಲಿ ಮೆಕ್ಕೆಜೋಳ ಇತ್ತು, ಸಮೀಕ್ಷೆಯಲ್ಲಿ ಭತ್ತ ಅಂತ ಇತ್ತು. ತಾಳೆ ಆಗಲಿಲ್ಲ, ಅರ್ಜಿ ತಿರಸ್ಕಾರ. ಹೊಲದಲ್ಲಿ ಒಣಗಿದ ಜೋಳದ ದಂಟು ಇನ್ನೂ ನಿಂತಿತ್ತು. ಕಂಪ್ಯೂಟರಿನಲ್ಲಿ ಅದು ಭತ್ತ. ಆಕ್ಷೇಪಣೆ ಸಲ್ಲಿಸಲು ಸಮಯ ಕೊಟ್ಟಿದ್ದರು, ಅದು ಮುಗಿದಿತ್ತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡಿದ್ದ ನಾನೂ ನೋಡಿರಲಿಲ್ಲ. ಚಿಕ್ಕಪ್ಪ ನನಗೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ನಾನು ಮಾಡುವುದಿಷ್ಟು. ಹಂಗಾಮು ಶುರುವಾದ ಕೂಡಲೇ ಆ ಹಂಗಾಮಿನ ರೈತರ ಆ್ಯಪ್ ಹಾಕಿಕೊಂಡು, ಹೊಲದ ಒಳಗೇ ನಿಂತು ಫೋಟೋ ತೆಗೆಯುತ್ತೇನೆ. ಮನೆಯಲ್ಲಿ ಕೂತು ಆಗಲ್ಲ, ಸ್ಥಳ ಹೊಂದಬೇಕು. ಅಡಿಕೆ ನಡುವೆ ಶುಂಠಿ ಇದ್ದರೆ ಮಿಶ್ರಬೆಳೆಯನ್ನೂ ನಮೂದಿಸುತ್ತೇನೆ. ಆಮೇಲೆ 'ಬೆಳೆ ದರ್ಶಕ್' ಆ್ಯಪಿನಲ್ಲಿ ಅದು ಸರಿಯಾಗಿ ದಾಖಲಾಗಿದೆಯಾ ಅಂತ ನೋಡುತ್ತೇನೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ವಿಮೆ ರಸೀದಿಯಲ್ಲಿನ ಬೆಳೆ ಹೆಸರು, ಸರ್ವೆ ನಂಬರ್ ಇದರ ಜೊತೆ ಹೊಂದಬೇಕು. ಈ ಪಟ್ಟಿಯಲ್ಲಿ ಒಂದೇ ಒಂದು ಆ್ಯಪ್ ಹಾಕಿಕೊಳ್ಳುತ್ತೀರಿ ಅಂದರೆ ಬೆಳೆ ದರ್ಶಕ್ ಹಾಕಿಕೊಳ್ಳಿ.

4. ಬಗರ್ ಹುಕುಂ ಮತ್ತು ಅರಣ್ಯ ಹಕ್ಕು: ನಮ್ಮ ಫೋನಿನಲ್ಲಿ ಇಲ್ಲದ ಆ್ಯಪ್

ಇದು ನಾವು ಹಾಕಿಕೊಳ್ಳುವ ಆ್ಯಪ್ ಅಲ್ಲ, ಅಧಿಕಾರಿಗಳ ಕೈಯಲ್ಲಿರುವುದು. ಆದರೂ ಸೊರಬ, ಶಿಕಾರಿಪುರದಲ್ಲಿ ಇದರ ಬಗ್ಗೆ ಗೊತ್ತಿರಲೇಬೇಕು. ಪಕ್ಕದ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ನೆಲ ಇದು. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿದವರು ನಮೂನೆ 50, ನಮೂನೆ 53, ಕೊನೆಗೆ 2018ರಿಂದ ನಮೂನೆ 57 ಅಂತ ಮೂರು ತಲೆಮಾರು ಅರ್ಜಿ ಹಾಕಿ ಕಾದಿದ್ದಾರೆ.

ಈಗ ಕಂದಾಯ ಇಲಾಖೆ ಬಗರ್ ಹುಕುಂ ಆ್ಯಪ್ ತಂದಿದೆ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಸಾಗುವಳಿಯ ಗಡಿಯನ್ನು ಆ್ಯಪಿನಲ್ಲಿ ಗುರುತಿಸುತ್ತಾರೆ. ನಂತರ ಹಳೆಯ ಉಪಗ್ರಹ ಚಿತ್ರದ ಜೊತೆ ಹೋಲಿಸಿ ಆಗ ಸಾಗುವಳಿ ಇತ್ತಾ ಅಂತ ನೋಡುತ್ತಾರೆ. ಉದ್ದೇಶ ಬೋಗಸ್ ಅರ್ಜಿ ತಡೆಯೋದು, ಅದು ಬೇಕಾದದ್ದೇ. ಆದರೆ ಮೋಡ ಕವಿಯುವ, ಮರ ದಟ್ಟವಾಗಿರುವ ಮಲೆನಾಡಿನಲ್ಲಿ ಅರ್ಧ ಎಕರೆ ಸಾಗುವಳಿ ಮೇಲಿನಿಂದ ಕಾಣುತ್ತಾ ಅನ್ನೋದು ನ್ಯಾಯವಾದ ಪ್ರಶ್ನೆ. ಹಾಗಾಗಿ ಅಧಿಕಾರಿ ಬರುವ ದಿನ ಅರ್ಜಿದಾರರು ಸ್ಥಳದಲ್ಲಿ ಇರಬೇಕು. ಗಡಿ ಗುರುತು ಮಾಡುವಾಗ ಜೊತೆಗೆ ನಡೆಯಬೇಕು. ಹಳೆಯ ಕಂದಾಯ ರಸೀದಿ, ದಂಡ ಕಟ್ಟಿದ ಚೀಟಿ, ಟಿಟಿ ರಸೀದಿ ಏನಿದ್ದರೂ ಕಾಪಿ ಇಟ್ಟುಕೊಂಡಿರಬೇಕು.

ಅರಣ್ಯ ಹಕ್ಕು ಅರ್ಜಿ ಹಾಕಿದವರು ಇನ್ನೊಂದು ಮಾತು ನೆನಪಿಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತೆ: ಉಪಗ್ರಹ ಚಿತ್ರದಂಥ ತಂತ್ರಜ್ಞಾನವನ್ನು ಉಳಿದ ಸಾಕ್ಷ್ಯಕ್ಕೆ ಪೂರಕವಾಗಿ ಬಳಸಬಹುದು, ಉಳಿದ ಸಾಕ್ಷ್ಯದ ಬದಲಿಗೆ ಬಳಸುವಂತಿಲ್ಲ. "ಚಿತ್ರದಲ್ಲಿ ಕಾಣಲ್ಲ" ಅಂತಷ್ಟೇ ಹೇಳಿ ಅರ್ಜಿ ತಳ್ಳಿದರೆ ಈ ನಿಯಮ ಹೇಳಿ ಮೇಲ್ಮನವಿ ಹಾಕಬಹುದು. ಈ ಎರಡು ಸಾಲು ಗೊತ್ತಿರುವ ಹುಡುಗ ಅಥವಾ ಹುಡುಗಿ ಪ್ರತಿ ಊರಿನಲ್ಲೂ ಇರಬೇಕು.

5. ಡಿಬಿಟಿ ಕರ್ನಾಟಕ: ದುಡ್ಡು ಎಲ್ಲಿಗೆ ಹೋಯ್ತು?

ರಾಜ್ಯ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಅಂದರೆ ಗೃಹಲಕ್ಷ್ಮಿ, ವಿದ್ಯಾರ್ಥಿವೇತನ, ಬೆಳೆ ಪರಿಹಾರ ಮುಂತಾದವು ಯಾವ ದಿನ, ಯಾವ ಬ್ಯಾಂಕಿನ ಯಾವ ಖಾತೆಗೆ ಬಂತು ಅಂತ ಇದು ತೋರಿಸುತ್ತೆ. ಆಧಾರ್ ನಂಬರ್ ಹಾಕಿ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಗೆ ಹೋಗಬೇಕು.

"ದುಡ್ಡೇ ಬಂದಿಲ್ಲ" ಅಂತ ಬರುವ ಎಷ್ಟೋ ಜನರ ದುಡ್ಡು ಬಂದಿರುತ್ತೆ, ಅವರು ನೋಡುವ ಖಾತೆಗೆ ಮಾತ್ರ ಬಂದಿರಲ್ಲ. ಆಧಾರ್ ಆಧಾರಿತ ಪಾವತಿ ಹೋಗುವುದು ಪಾಸ್‌ಬುಕ್ಕಿನ ನಂಬರಿಗಲ್ಲ, ಕೊನೆಯದಾಗಿ ಆಧಾರ್ ಜೋಡಣೆಯಾದ ಬ್ಯಾಂಕಿಗೆ. ಎಂದೋ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಹಣ ಬಿದ್ದಿರುವುದುಂಟು. ಬ್ಯಾಂಕಿಗೆ ಅಲೆಯುವ ಮೊದಲು ಇದನ್ನು ನೋಡಿ.

6. ಯುಪಿಐ: ತಗೊಳ್ಳೋಕೆ ಪಿನ್ ಬೇಡ

2016ರಲ್ಲಿ ಯುಪಿಐ ಬಂತು, ಅದೇ ವರ್ಷದ ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಇವತ್ತು ಶಿರಾಳಕೊಪ್ಪದ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೂ ಸ್ಕ್ಯಾನ್ ಮಾಡುತ್ತೇವೆ. ಫೋನ್‌ಪೇ, ಗೂಗಲ್‌ಪೇ, ಭೀಮ್ ಯಾವುದಾದರೂ ಸರಿ, ಕೆಳಗೆ ಓಡುವ ವ್ಯವಸ್ಥೆ ಒಂದೇ. ಸ್ಮಾರ್ಟ್‌ಫೋನ್ ಇಲ್ಲದವರಿಗೆ *99# ಇದೆ, 2022ರಲ್ಲಿ ಬಂದ ಯುಪಿಐ 123ಪೇ ಇದೆ.

ಅಜ್ಜಿಗೂ ಹೇಳಿಕೊಡಬೇಕಾದ ನಿಯಮ ಒಂದೇ: ದುಡ್ಡು ತಗೊಳ್ಳೋಕೆ ಪಿನ್ ಬೇಡ, ಕೊಡೋಕೆ ಮಾತ್ರ ಪಿನ್ ಬೇಕು. ಯಾರಾದರೂ "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಅಂದರೆ ಅದು ಮೋಸ. ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಸಿಗದಂತಾಗುತ್ತೆ. "ಡಿಜಿಟಲ್ ಅರೆಸ್ಟ್" ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ.

ಇದಕ್ಕೆ ರಾಜಕೀಯವೂ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡು ಬಿದ್ದವು. ಸರಕು ವ್ಯಾಪಾರಕ್ಕೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ವಸ್ತುಗಳ ಲೆಕ್ಕ ಬೇರೆ. ಸ್ಕ್ಯಾನ್ ಮಾಡುವ ಪ್ರತಿ ರೂಪಾಯಿಯೂ ಒಂದು ದಾಖಲೆ ಅನ್ನೋದನ್ನು ಆ ನೋಟಿಸುಗಳು ಎಲ್ಲರಿಗೂ ನೆನಪಿಸಿದವು.

7. ಡಿಜಿಲಾಕರ್: ದಾಖಲೆಯ ಪೆಟ್ಟಿಗೆ

2015ರಿಂದ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಎಲ್, ಆರ್‌ಸಿ, ಆಧಾರ್ ಎಲ್ಲ ಒಂದೇ ಕಡೆ. ಒಂದು ವ್ಯತ್ಯಾಸ ಗೊತ್ತಿರಲಿ: ಇಲಾಖೆಯಿಂದ ನೇರವಾಗಿ ಬಂದ 'ವಿತರಿಸಿದ' ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ನೀವೇ ಫೋಟೋ ತೆಗೆದು ಹಾಕಿದ 'ಅಪ್‌ಲೋಡ್' ದಾಖಲೆಗೆ ಆ ಮಾನ್ಯತೆ ಇಲ್ಲ. ಪೊಲೀಸರು ಗಾಡಿ ನಿಲ್ಲಿಸಿದಾಗ ಗ್ಯಾಲರಿಯ ಫೋಟೋ ತೋರಿಸಿ ವಾದ ಮಾಡಬೇಡಿ, ಆ್ಯಪ್ ತೆರೆದು ತೋರಿಸಿ.

8. ವೋಟರ್ ಹೆಲ್ಪ್‌ಲೈನ್, ಸಿ–ವಿಜಿಲ್: ಫಾರಂ 7ರ ಎರಡು ಅರ್ಥ

ನಮ್ಮಜ್ಜನ ಕಾಲದವರಿಗೆ ಫಾರಂ 7 ಅಂದರೆ 1974ರ ಭೂಸುಧಾರಣೆ ನಂತರ ಗೇಣಿದಾರರು ಭೂಮಿ ಕೇಳಿ ಹಾಕಿದ ಅರ್ಜಿ. ನನ್ನ ವಯಸ್ಸಿನವರಿಗೆ ಫಾರಂ 7 ಅಂದರೆ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವ ಅರ್ಜಿ. ಮೊದಲನೆಯದರಿಂದ ಹಕ್ಕು ಬಂತು, ಎರಡನೆಯದರಿಂದ ಹಕ್ಕು ಹೋಗಬಹುದು.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಉಳಿದ ಅರ್ಜಿಗಳು ತಿರಸ್ಕೃತವಾಗಿ ಪ್ರಕರಣ ದಾಖಲಾಯಿತು. ಯಾರದೋ ಹೆಸರಿನಲ್ಲಿ ಯಾರೋ ಅರ್ಜಿ ಹಾಕಿದ್ದರು. ಅದು ಬೆಳಕಿಗೆ ಬಂದದ್ದು ಆ್ಯಪಿನಿಂದಲ್ಲ, ಊರಿನಲ್ಲಿ ಒಬ್ಬರನ್ನೊಬ್ಬರು ಬಲ್ಲ ಜನ ವಿಚಾರಿಸಿದ್ದರಿಂದ.

ಹಾಗಾಗಿ ಚುನಾವಣೆ ಇರಲಿ ಬಿಡಲಿ, ಆರು ತಿಂಗಳಿಗೊಮ್ಮೆ ಎಪಿಕ್ ನಂಬರ್ ಹಾಕಿ ಮನೆಮಂದಿಯ ಹೆಸರು ಪಟ್ಟಿಯಲ್ಲಿ ಇದೆಯಾ ನೋಡಿ. ಹೊಸ ಸೇರ್ಪಡೆಗೆ ಫಾರಂ 6, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ಫಾರಂ 8. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಆಯೋಗ ತನ್ನ ಆ್ಯಪ್‌ಗಳನ್ನೆಲ್ಲ ಇಸಿಐನೆಟ್ ಎಂಬ ಒಂದೇ ಆ್ಯಪಿಗೆ ಸೇರಿಸುವ ಕೆಲಸವನ್ನು 2025ರಲ್ಲಿ ಶುರುಮಾಡಿದೆ, ಹೆಸರು ಬದಲಾಗಿದ್ದರೆ ಗಾಬರಿಯಾಗಬೇಡಿ.

ಸಿ–ವಿಜಿಲ್ ನೀತಿ ಸಂಹಿತೆ ಇರುವಾಗ ಮಾತ್ರ ಕೆಲಸ ಮಾಡುತ್ತೆ. ದುಡ್ಡು, ಸೀರೆ, ಕುಕ್ಕರ್ ಹಂಚುವುದು ಕಂಡರೆ ಆ್ಯಪಿನಲ್ಲೇ ಫೋಟೋ ಅಥವಾ ವಿಡಿಯೋ ತೆಗೆದು ಕಳಿಸಬೇಕು. ಗ್ಯಾಲರಿಯ ಹಳೇ ಫೋಟೋ ಹೋಗಲ್ಲ. ಹೆಸರು ಹೇಳದೆಯೂ ದೂರು ಕೊಡಬಹುದು, 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನೋದು ಆಯೋಗದ ಗುರಿ. ಇಬ್ಬರು ಮುಖ್ಯಮಂತ್ರಿಗಳನ್ನು ಗೆಲ್ಲಿಸಿದ ಅಕ್ಕಪಕ್ಕದ ತಾಲೂಕುಗಳು ನಮ್ಮವು, ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ. ಇಲ್ಲಿ ಚುನಾವಣೆ ಹೊತ್ತಿಗೆ ಈ ಆ್ಯಪಿಗೆ ಕೆಲಸ ಇರಲ್ಲ ಅಂತ ಯಾರೂ ಹೇಳಲಾರರು.

9. ದಾಮಿನಿ: ಸಿಡಿಲು ಬರುವ ಮುಂಚೆ

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಆ್ಯಪ್. ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರಿನಲ್ಲಿ ಕಳೆದ ಕೆಲವು ನಿಮಿಷಗಳಲ್ಲಿ ಎಲ್ಲೆಲ್ಲಿ ಸಿಡಿಲು ಬಿದ್ದಿದೆ ಅಂತ ತೋರಿಸಿ ಎಚ್ಚರಿಸುತ್ತೆ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ನಮ್ಮ ಕಡೆ ದನ ಮೇಯಿಸುವವರು, ಗದ್ದೆ ಕೆಲಸದವರು ಇದನ್ನು ಹಾಕಿಕೊಂಡಿರಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಹಳೇ ಲೆಕ್ಕ: ಮಿಂಚಿನಿಂದ ಗುಡುಗಿನವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತು ದಾಟುವ ಮೊದಲೇ ಗುಡುಗಿದರೆ ಮರದ ಕೆಳಗೆ ನಿಲ್ಲದೆ ಮನೆ ಸೇರಿ.

10. ಸಂಚಾರ್ ಸಾಥಿ, ಆರ್ಗ್ಯಾನಿಕ್ ಮ್ಯಾಪ್ಸ್, ಅಲರ್: ಚಿಕ್ಕವು, ಕೆಲಸದವು

ಸಂಚಾರ್ ಸಾಥಿ: ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ಇವೆರಡೂ ವೆಬ್‌ಸೈಟಿನಲ್ಲೂ ಆಗುತ್ತೆ. ಎಲ್ಲ ಹೊಸ ಫೋನಿನಲ್ಲೂ ಇದನ್ನು ಮೊದಲೇ ಹಾಕಿರಬೇಕು ಅಂತ ಕೇಂದ್ರ ಸರ್ಕಾರ 2025ರ ನವೆಂಬರ್ ಕೊನೆಯಲ್ಲಿ ಹೊರಡಿಸಿದ ಆದೇಶವನ್ನು ವಿರೋಧ ಬಂದ ಮೇಲೆ ಡಿಸೆಂಬರ್ ಮೊದಲ ವಾರ ವಾಪಸ್ ಪಡೆಯಿತು. ಒಳ್ಳೆಯ ಆ್ಯಪ್ ಅನ್ನೋದು ಬೇರೆ, ಕಡ್ಡಾಯ ಅನ್ನೋದು ಬೇರೆ.

ಆರ್ಗ್ಯಾನಿಕ್ ಮ್ಯಾಪ್ಸ್: ಇಂಟರ್ನೆಟ್ ಇಲ್ಲದೆ ನಡೆಯುವ ನಕ್ಷೆ. ಚಂದ್ರಗುತ್ತಿ ಕಡೆ ಸಿಗ್ನಲ್ ಹೋದಾಗ ಕೈಹಿಡಿಯುತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ್ದರಿಂದ ನಮ್ಮೂರಿನ ಕೆರೆ, ಶಾಲೆ, ದಾರಿಯನ್ನು ನಾವೇ ಕನ್ನಡ ಹೆಸರಿನಲ್ಲಿ ಸೇರಿಸಬಹುದು.

ಅಲರ್: ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. 2019ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಇಂಗ್ಲಿಷ್ ನೋಟಿಸಿಗೆ ಕನ್ನಡದಲ್ಲಿ ಉತ್ತರ ಬರೆಯುವವರಿಗೆ ಬೇಕೇ ಬೇಕು.

ಕಡ್ಡಾಯವಾದಾಗ ಏನಾಗುತ್ತೆ

ಆ್ಯಪ್ ಸಹಾಯಕ್ಕಿದ್ದಾಗ ಒಂದು ರೀತಿ, ಅದೇ ಬಾಗಿಲಾದಾಗ ಇನ್ನೊಂದು ರೀತಿ. ನರೇಗಾ ಕೂಲಿಕಾರರ ಹಾಜರಿಗೆ 2021ರಲ್ಲಿ ಬಂದ ಎನ್‌ಎಂಎಂಎಸ್ ಆ್ಯಪ್ 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೋ, ಸ್ಥಳ ಮತ್ತು ಸಮಯದ ಮುದ್ರೆ ಸಮೇತ. ಕೆರೆ ಹೂಳು ಬೇಗ ಎತ್ತಿ ಮುಗಿಸಿದ ಹೆಂಗಸರು ಎರಡನೇ ಫೋಟೋಗಾಗಿ ಬಿಸಿಲಲ್ಲಿ ಕಾಯಬೇಕಾಯಿತು. ಅಷ್ಟು ಮಾಡಿಯೂ ಮೋಸ ನಿಲ್ಲಲಿಲ್ಲ. ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು.

ಕೊನೆಗೆ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ಫೋನಿನ ಮೆಮೊರಿ ತುಂಬಿತು ಅಂತ ಗ್ಯಾಲರಿ ಸ್ವಚ್ಛ ಮಾಡಲು ಕೂತೆ. ಊರಿನ ಇಪ್ಪತ್ತಕ್ಕೂ ಹೆಚ್ಚು ಜನರ ಆಧಾರ್, ಪಾಸ್‌ಬುಕ್, ಪಹಣಿ ಫೋಟೋಗಳು ನನ್ನ ಬಳಿ ಇದ್ದವು. ಕೆಲವರ ಪಿನ್ನೂ ನನಗೆ ಬಾಯಿಪಾಠ. ತಾಲೂಕು ಕಚೇರಿ ಮುಂದೆ ಕೂರುವ ದಲ್ಲಾಳಿಯನ್ನು ಬೈಯುತ್ತ ಬೆಳೆದವನು ನಾನು. ಕಾಸು ತಗೊಳ್ಳದಿದ್ದರೂ, ಜನ ಮತ್ತು ಅವರ ಹಕ್ಕಿನ ನಡುವೆ ನಾನೇ ಕೂತಿದ್ದೆ. ನನ್ನ ಫೋನ್ ಕಳೆದಿದ್ದರೆ ಅಷ್ಟೂ ಜನರ ಕಥೆ ಏನು?

ಈಗ ಮೂರು ನಿಯಮ ಇಟ್ಟುಕೊಂಡಿದ್ದೇನೆ. ಕೆಲಸ ಅವರ ಫೋನಿನಲ್ಲೇ ಮಾಡುವುದು, ನನ್ನದರಲ್ಲಿ ಅಲ್ಲ. ಪಿನ್ ಅವರೇ ಒತ್ತುವುದು, ಆಗ ನಾನು ಮುಖ ತಿರುಗಿಸುವುದು. ಕೆಲಸ ಮುಗಿದ ಮೇಲೆ ಏನಾಯ್ತು ಅಂತ ಒಂದು ಚೀಟಿಯಲ್ಲಿ ತಾರೀಖು, ಅರ್ಜಿ ನಂಬರ್ ಸಮೇತ ಬರೆದು ಅವರ ಕೈಗೆ ಕೊಡುವುದು. ಇದರಿಂದ ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಆಗುತ್ತೆ. ಪರವಾಗಿಲ್ಲ.

ಹೋದ ಮುಂಗಾರಿನಲ್ಲಿ ಚಿಕ್ಕಪ್ಪ ಬೆಳೆ ಸಮೀಕ್ಷೆಯ ಫೋಟೋವನ್ನು ತಾವೇ ತೆಗೆದರು. ಮೂರು ಸಲ ಬೆರಳು ಅಡ್ಡ ಬಂತು, ನಾಲ್ಕನೆಯದು ಸರಿಹೋಯ್ತು. ವಾರದ ನಂತರ ಬೆಳೆ ದರ್ಶಕ್ ತೆರೆದು ನೋಡಿದರೆ ಮೆಕ್ಕೆಜೋಳ ಅಂತಲೇ ಇತ್ತು. "ಹೂಂ, ಈಗ ಸರಿ" ಅಂತ ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದರು.